ಹಾಸಿಗೆ ಪಕ್ಕದ ಕರೆಗಂಟೆ

ವೇದಿಕೆಯ ಮೇಲಿರುವ, ಆರೈಕೆ ಕೇಂದ್ರಗಳ ಮಾಲೀಕರ ಸಂಘದ ಮಾನ್ಯ ಅಧ್ಯಕ್ಷರೇ, ಅತಿಥಿಗಳೇ, ಸಭಿಕರೇ,

ಕೇಂದ್ರಗಳ ತಪಾಸಣೆ ಮಾಡಿ, ತಪ್ಪು ಕಂಡರೆ ಕೋರ್ಟಿಗೆಳೆಯುವ ನನ್ನಂಥ ಅಧಿಕಾರಿಗೆ ಮಾಲೀಕರೇ ಸೇರಿ ಬೀಳ್ಕೊಡುಗೆ ಕೊಡುತ್ತಾರೆಂದರೆ ಏನರ್ಥ? ಪ್ರೀತಿಯೇ? ಪೀಡೆ ತೊಲಗಿತೆಂಬ ಸಂತೋಷವೇ? ಹೂಗುಚ್ಛ ಕೊಟ್ಟಾಗಲೂ ಒಳಗೇನಿದೆ ಎಂದು ಬಗ್ಗಿ ನೋಡಿದೆ. ನೀವು ನಕ್ಕಿರಿ. ನಮ್ಮ ಯಜಮಾನರು ನಗುವುದಿಲ್ಲ. "ನಿನ್ನ ಕೈಗೆ ಕಾಫಿ ಕೊಡೋಕೂ ಭಯ ಕಣೇ, ಮೊದಲು ಮೂಸ್ತೀಯ" ಎನ್ನುತ್ತಾರೆ.

ಏನು ಮಾಡಲಿ? ಫಿನಾಯಿಲ್ ಘಮ್ಮೆಂದರೆ ನಾನು ಬರುವ ಸುದ್ದಿ ಮೊದಲೇ ಮುಟ್ಟಿದೆ ಎಂದೇ ನನ್ನ ಲೆಕ್ಕ. ಹೊಳೆಯುವ ನೆಲವನ್ನು ನಾನು ನೋಡುವುದೇ ಇಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು ಕರೆಗಂಟೆಯ ಗುಂಡಿ ಒತ್ತುತ್ತೇನೆ. ಒಮ್ಮೆ ಒಂದು ಕೇಂದ್ರದಲ್ಲಿ ಒತ್ತಿದ ಕೂಡಲೇ ಆಯಾ ಓಡಿ ಬಂದಳು. ಮಾಲೀಕರು ಬೀಗಿದರು. ನಾನು ಮಾತ್ರ ಹಾಸಿಗೆಯಲ್ಲಿದ್ದ ಅಜ್ಜಿಯನ್ನು ನೋಡುತ್ತಿದ್ದೆ. ಗಂಟೆ ಸದ್ದಾದದ್ದೇ ತಡ, ಎರಡೂ ಕೈಗಳನ್ನು ಹೊದಿಕೆಯೊಳಗೆ ಬಚ್ಚಿಟ್ಟು, "ನಾನೊತ್ತಿಲ್ಲ ಕಣಮ್ಮಾ, ನಾನಲ್ಲ" ಎಂದರು. ಗಂಟೆ ಒತ್ತಿದ ಕೈಗೆ ಅಲ್ಲಿ ಏಟು ಬೀಳುತ್ತಿತ್ತು. ಆ ಕೇಂದ್ರಕ್ಕೆ ಬೀಗ ಬಿತ್ತು, ಮಾಲೀಕರಿಗೆ ಶಿಕ್ಷೆಯಾಯಿತು.

ಇವಳೇಕೆ ಇಷ್ಟು ಎಳೆಯುತ್ತಿದ್ದಾಳೆ ಎಂದು ಹಿಂದಿನ ಸಾಲಿನವರು ಆಕಳಿಸುತ್ತಿದ್ದೀರಿ. ಇನ್ನು ಸ್ವಲ್ಪವೇ.

ನನ್ನನ್ನು ಸಾಕಿ ಬೆಳೆಸಿದ ಅಕ್ಕ, ಪಾರ್ಶ್ವವಾಯು ಹೊಡೆದ ಮೇಲೆ, ನಮ್ಮ ಅಧ್ಯಕ್ಷರ ಕೇಂದ್ರದಲ್ಲೇ ಇದ್ದಾಳೆ. "ನಿಮ್ಮಕ್ಕ ಅಂದ್ರೆ ನಮಗೂ ಅಕ್ಕನೇ ಮೇಡಂ" ಎಂದಿದ್ದರು ಅವರು. ಅಕ್ಕ ಹೆದರಿಕೆ ಎಂದರೇನೆಂದು ಅರಿಯದ ಹೆಂಗಸು. ನನ್ನನ್ನು ಹೊಡೆದ ಮೇಷ್ಟರ ಮನೆಗೇ ನುಗ್ಗಿ ಜಗಳವಾಡಿ ಬಂದವಳು. ಇವತ್ತು ಇಲ್ಲಿಗೆ ಬರುವ ಮುಂಚೆ ಅವಳನ್ನು ನೋಡಲು ಹೋಗಿದ್ದೆ. ಅಭ್ಯಾಸಬಲ, ಗುಂಡಿ ಒತ್ತಿದೆ. ಅಕ್ಕ, ಸ್ವಾಧೀನವಿರುವ ಒಂದೇ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು.

ಅಧ್ಯಕ್ಷರೇ, ಕೂತುಕೊಳ್ಳಿ. ಫೋನ್ ಜೇಬಿನಲ್ಲೇ ಇರಲಿ. ತಂಗಿಯಾಗಿ ನಾನು ದೂರು ಕೊಟ್ಟಾಗಿದೆ. ನಿಮ್ಮ ಮ್ಯಾನೇಜರು, ಮೇಲ್ವಿಚಾರಕರು ಎಲ್ಲರೂ ಇಲ್ಲಿ ನನಗೆ ಚಪ್ಪಾಳೆ ತಟ್ಟುತ್ತಿರುವಾಗ, ನನ್ನ ಸಹೋದ್ಯೋಗಿಗಳು ಅಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಮಾತಾಡಿಸುತ್ತಿದ್ದಾರೆ. ಅವರು ಒಳಗೆ ಹೋದರೆಂದು ಫೋನ್ ಬಂದಿತೆಂದು, ಈ ಸಭೆಯ ಬಾಗಿಲಲ್ಲಿ ನಿಂತಿರುವ ನಮ್ಮ ಡ್ರೈವರ್ ಈಗಷ್ಟೇ ತಲೆಯಾಡಿಸಿ ತಿಳಿಸಿದರು. ಅಲ್ಲಿಯವರೆಗೆ ಮಾತು ಎಳೆಯಬೇಕಿತ್ತು, ಎಳೆದೆ.

ಹೂಗುಚ್ಛವನ್ನು ಇಲ್ಲೇ ಇಟ್ಟು ಹೋಗುತ್ತೇನೆ. ಅಕ್ಕನನ್ನು ಎತ್ತಿ ಕೂರಿಸಿ ಮನೆಗೆ ಕರೆದೊಯ್ಯಬೇಕು, ನನಗೆ ಎರಡೂ ಕೈ ಬೇಕು. ಇಷ್ಟು ಹೊತ್ತು ಯಾರೂ ಎದ್ದು ಹೋಗದೆ ಕೇಳಿದ್ದಕ್ಕೆ ನಾನು ನಿಜವಾಗಿಯೂ ಕೃತಜ್ಞಳು. ನಮಸ್ಕಾರ.