ತಣ್ಣಗಾಗದ ಕರುಳು

...ಹಾಗಂತ ನಾನಲ್ಲ ಕಣೇ, ಡಾಕ್ಟ್ರು ಹೇಳಿದ್ದು. ನೀನಿನ್ನೂ ಇಂಜೆಕ್ಷನ್ ಮತ್ತಿನಲ್ಲಿ ಮಲಗಿದ್ದೆ, ನನ್ನನ್ನ ಒಳಗೆ ಕರೆದ್ರು. ಕ್ಯಾಮೆರಾ ಬಿಟ್ಟು ನೋಡಿದ್ರೆ ಕರುಳಲ್ಲಿ ಗಾಯ ಇಲ್ಲ, ಹುಣ್ಣಿಲ್ಲ. ಹಾಗಂತ ನಿಂದು ನಾಟಕ ಅಲ್ವಂತೆ. ಐಬಿಎಸ್ ಅಂತೆ, ಗಾಯ ಇಲ್ದಿದ್ರೂ ಕರುಳು ಕೆರಳೋ ಕಾಯಿಲೆ.

ಮುಖ ಯಾಕೆ ಗೋಡೆ ಕಡೆ ಮಾಡ್ತೀಯ? ಹೌದಮ್ಮ, ನಾಟಕ ಅಂದಿದ್ದು ನಾನೇ. ಇಡೀ ಲೈನ್ ಮುಂದೆ ಅಂದೆ. ನಲವತ್ತು ಹೊಲಿಗೆ ಮಿಷನ್ನಿಗೆ ಒಂದೇ ಒಂದು ಟಾಯ್ಲೆಟ್ ಟೋಕನ್, ಅದಿಲ್ದೆ ಯಾರೂ ಏಳೋ ಹಾಗಿಲ್ಲ, ಅದು ನನ್ನ ಕೈಲಿ. ಸೂಪರ್‌ವೈಸರ್ ತಂಗಿ ಅಂತ ದಿನಕ್ಕೆ ಏಳು ಸಲ ಕೊಟ್ರೆ ಮಿಕ್ಕವರು ಸುಮ್ನಿರ್ತಾರಾ? ಅದಕ್ಕೇ ಹೋದ ವಾರ ಕೊಡ್ಲಿಲ್ಲ. ನೀನು ಕೂತಲ್ಲೇ... ಬೇಡ ಬಿಡು. ನೆನೆಸ್ಕೊಂಡ್ರೆ ನಂಗೂ ಅನ್ನ ಇಳಿಯಲ್ಲ.

ಕೇಳು ಇಲ್ಲಿ. ಹೋದ ವರ್ಷ ಕಾರ್ಖಾನೇಲಿ ಎಲ್ರಿಗೂ ವಾಂತಿ ಭೇದಿ ಆಯ್ತಲ್ಲ, ಆ ರೋಗಾಣು ಯಾವತ್ತೋ ಹೋಗಿದೆ. ಆದ್ರೆ ಅದರ ಜೊತೆ ಹೊಡೆದಾಡಿದ ಕಣಗಳು, ರೋಗ ತಡೆಯೋವು, ಅವು ಇನ್ನೂ ತಣ್ಣಗಾಗಿಲ್ವಂತೆ. ನರದ ಪಕ್ಕದಲ್ಲೇ ಕೂತು ಏನೇನೋ ರಸ ಕಕ್ತಾವಂತೆ. ನೀನು ಒಂದು ತುತ್ತು ತಿಂದ್ರೂ ಅವಕ್ಕೆ ಶತ್ರು ಬಂದ ಹಾಗೆ... ಅದಕ್ಕೇ ಆ ನೋವು, ಆ ಓಟ. ಎಲ್ರಿಗೂ ಹೀಗಾಗಲ್ಲ, ಕೆಲವರಿಗೆ ಮಾತ್ರ ಅಂದ್ರು.

ನಾಳೆ ಮ್ಯಾನೇಜರ್ ನಿನ್ನ ಕರೆದಿದಾರೆ. ಕೆಲಸ ಉಳೀಬೇಕಂದ್ರೆ ಡಾಕ್ಟ್ರ ಚೀಟಿ ತೋರಿಸು, ಅಷ್ಟೇ. ಯಾವಾಗ ಶುರುವಾಯ್ತು ಅಂದ್ರೆ ಗೊತ್ತಿಲ್ಲ ಅನ್ನು. ವಾಂತಿ ಭೇದಿ ಮಾತು ಎತ್ಲೇಬೇಡ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ.

ಏನು? ಬಾಯಿ ಬಿಟ್ಟು ಹೇಳೇ. ಹಾಗೆ ನೋಡ್ಬೇಡ... ನನಗ್ಯಾಕೆ ವಾಂತಿ ಭೇದಿ ಆಗ್ಲಿಲ್ಲ ಅಂತಾನಾ? ನಂದು ಗಟ್ಟಿ ಮೈ. ಚಿಕ್ಕಂದಿನಿಂದ್ಲೂ ಹಾಗೇ ಅಲ್ವಾ... ಅಲ್ವೇನೇ?

ಬೈದಾದ್ರೂ ಬೈಯೇ, ತಾಯಿ.

...ಆವತ್ತು ಬೆಳಿಗ್ಗೆನೇ ಪ್ಲಂಬರ್ ಬಂದು ನಂಗೆ ಹೇಳಿದ್ದ. ಟಾಯ್ಲೆಟ್ ಪೈಪ್ ಒಡೆದಿದೆ, ಗಲೀಜೆಲ್ಲ ಕುಡಿಯೋ ನೀರಿನ ಟ್ಯಾಂಕಿಗೆ ಹೋಗ್ತಿದೆ ಅಂತ. ಸಂಜೆ ಮಾಲು ಕಳಿಸ್ಬೇಕಿತ್ತು. ಹೇಳಿದ್ರೆ ಎಲ್ರೂ ಎದ್ದು ಹೋಗ್ತಿದ್ರು, ಲೈನ್ ನಿಲ್ತಿತ್ತು, ನನ್ನ ಕೆಲಸ ಹೋಗ್ತಿತ್ತು. ನಾನು ಹೊರಗಿನಿಂದ ಬಾಟಲಿ ತರಿಸ್ಕೊಂಡು ಕುಡಿದೆ. ನಿನಗಾದ್ರೂ ಹೇಳೋಣ ಅಂತಾನೇ ಬಂದೆ ಕಣೇ, ಆಣೆಗೂ. ನೀನು ಆಗ್ಲೇ ನಲ್ಲಿ ಹತ್ರ ಇದ್ದೆ, ಸುತ್ತ ನಾಲ್ಕು ಜನ. ನೀನು ಲೋಟ ತುಂಬ್ಕೊಂಡು ಕುಡಿದೆ. ಇನ್ನೊಂದು ಲೋಟ ಹಿಡ್ಕೊಂಡೆ. ಅದನ್ನೂ ಕುಡಿದು ಮುಗಿಸೋವರೆಗೂ... ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ.