ನಿಂಬಿಸಸಿ ವೆಬ್‌ಸೈಟಿಗೆ ದಿನಾ ಬರಾಂವ

ಲೈಟ್ ಹೋಗೇತಿ. ಬರೂದರಾಗ ಹೇಳಿ ಮುಗಸ್ತೇನಿ. ಇದು ಅಲ್ಲಿ ಇಲ್ಲಿ ಕೇಳಿದ್ದಲ್ಲ... ನಮ್ಮ ವಾಸುದೇವಕಾಕಾನ ಮಗ ಶ್ರೀವಲ್ಲಭ ಅದಾನಲ್ಲ, ಅವಗ ಆಗಿದ್ದು.

ಎರಡು ಸಾವಿರದ ನಾಕನೇ ಇಸ್ವಿ. ಸಿಂದಗ್ಯಾಗ ಝೆರಾಕ್ಸ್ ಅಂಗಡಿ ಮ್ಯಾಲ ಒಂದ ಖೋಲಿ, ಒಂದ ಕಂಪ್ಯೂಟರ್. ಮಂದಿಗೆ ವೆಬ್‌ಸೈಟ್ ಮಾಡಿ ಕೊಡೂದು ಅವನ ಸ್ವಂತ ದಂಧೆ. ಆ ರಾತ್ರಿ ಇಂಡಿಯಿಂದ ಕಡೀ ಬಸ್ಸಿಗೆ ಬಂದಿಳದು, ಹಳೇ ಬಾವಿ ಹಾದು ಖೋಲಿಗೆ ಹೊಂಟಿದ್ದ. ಆ ಬಾವ್ಯಾಗ ನೀರ ಸೇದೂದು ಬಿಟ್ಟು ಹತ್ತ ವರ್ಷ ಆಗಿತ್ತು. ಗಾಲಿಗೆ ಹಗ್ಗಾನೂ ಇದ್ದಿಲ್ಲ. ಆದ್ರೂ ಗಾಲಿ ತಿರಗಿದ ಸಪ್ಪಳಾತು... ಕೀಂವ್... ಕೀಂವ್... ವಲ್ಲಭ ನಿಂತು ನೋಡಲಿಲ್ಲ. ಹೆದರಿಕಿಗಲ್ಲ, ಸಿಟ್ಟಿಗೆ. ಅವನ ತಲಿ ತುಂಬ ಗುರುಲಿಂಗಪ್ಪ ಸಾವಕಾರ ಕುಂತಿದ್ದ.

ಈ ಸಾವಕಾರ ಇಂಡ್ಯಾಗ ನಿಂಬಿಸಸಿ ಮಾರಾಂವ. ವೆಬ್‌ಸೈಟ್ ಬೇಕಂದಾಂವ ತಾನ. ಮೊದಲ ಹಸರ ಬಣ್ಣ ಅಂದಾ, ಆಮ್ಯಾಲ ಹಳದಿ, ಆಮ್ಯಾಲ ಮತ್ತ ಹಸರ. ಒಂದ ಸಣ್ಣ ಬದಲಿ ಐತಿ ಅಂತ ಕರಸಾಂವ. ಹೋದ್ರ ಸಸಿ ಫೋಟೋ ಕೊಡಾಂವಲ್ಲ, ಯಾವ ಫೋನ್ ನಂಬರ ಹಾಕೂದಂತ ಹೇಳಾಂವಲ್ಲ. ಅಡ್ಡಗ್ವಾಡಿ ಮ್ಯಾಲ ದೀಪಾ ಇಟ್ಟಂಗ ಮಾತು. ಕಡೀಕ "ತಮ್ಮಾ, ನಾಳಿ ಬಾ" ಅಂತ ಕಳಸಾಂವ. ನಾಕ ತಿಂಗಳದಾಗ ಹನ್ನೊಂದ ಸರ್ತಿ ಹಂಗ ಕಳಿಸಿದ್ದ.

ಬಸವನ ಬಾಗೇವಾಡಿ ಅರಿವಿ ಅಂಗಡಿ ಕೆಲಸಾನೂ ಹಿಂಗ ಅರ್ಧಕ್ಕ ನಿಂತಿತ್ತು. ವಲ್ಲಭ ಮುಗಿಸಿದ್ದು ಅಂತ ಒಂದೂ ಇದ್ದಿಲ್ಲ. ಕಾಕಾ ಸಾಲಿ ಮಾಸ್ತರು, ಖಡಕ್ ಮನಶಾ. ಯುಗಾದಿ ಒಳಗ ಒಂದರ ಮುಗಿಸಿ ತೋರಸು, ಇಲ್ಲಂದ್ರ ಖೋಲಿ ಕೀಲಿ ನನ್ನ ಕೈಯಾಗ ಕೊಟ್ಟು ಮುದ್ದೇಬಿಹಾಳಕ್ಕ ಹೋಗಿ ಸೋದರಮಾವನ ಅಂಗಡ್ಯಾಗ ಕಾರಕೂನ ಆಗು ಅಂದಿದ್ರು.

ಆ ರಾತ್ರಿ ಖೋಲಿಗೆ ಬಂದಾಂವ ಕಂಪ್ಯೂಟರ್ ಹಚ್ಚಿದಾ. ಕೆಲಸ ಮುಗಿಯೂತನ ವೆಬ್‌ಸೈಟಿನ್ಯಾಗ 'ಕೆಲಸ ನಡದೈತಿ' ಅಂತ ಒಂದು ಪಾಟಿ ಹಾಕಿರ್ತಾರ. ಅದನ್ನ ಕಿತ್ತು ಒಗದಾ. ಸಾವಕಾರನ ಮಾತ ದಪ್ಪ ಅಕ್ಷರದಾಗ ಬರದು, ಚಿತ್ರ ಮಾಡಿ ಏರಿಸಿದಾ. ನಾಳೆ ಬಾ. ಅಷ್ಟ.

ಆವಾಗಿನ ವೆಬ್‌ಸೈಟಿನ ಕೆಳಗ, ಎಷ್ಟ ಮಂದಿ ನೋಡ್ಯಾರ ಅನ್ನೂ ಎಣಿಕಿ ಇರ್ತಿತ್ತು. ಮರುದಿನ ನೋಡ್ತಾನ, ಒಂದು. ತಾ ನೋಡಿದ್ದು ಎಣಿಕಿಗೆ ಬರದಂಗ ಮಾಡಿದ್ದ, ವಿಳಾಸ ಯಾರಿಗೂ ಹೇಳಿದ್ದಿಲ್ಲ. ಸಾವಕಾರನ ಮನ್ಯಾಗ ಕಂಪ್ಯೂಟರೂ ಇದ್ದಿಲ್ಲ. ಅದರ ಮರುದಿನ ಎರಡು. ಆಮ್ಯಾಲ ಮೂರು. ಬಂದ ಹೊತ್ತೂ ಕಾಣ್ತಿತ್ತು... ದಿನಾ ರಾತ್ರಿ ಹನ್ನೆರಡೂ ಇಪ್ಪತ್ತು. ಹನ್ನೊಂದು ಆದಾಗ ವಲ್ಲಭ ಇಂಡಿಗೆ ಫೋನ್ ಹಚ್ಚಿದಾ. ಖಾಲಿ ಪುಟಾ ನೋಡಾಕೂ ಗಿರಾಕಿ ಬರಾಕತ್ತಾರ, ಈಗರ ಫೋಟೋ ಕೊಡ್ರಿ ಅಂದಾ. ಏನ ಬರದೀಪಾ ಅದರಾಗ ಅಂತ ಸಾವಕಾರ ಕೇಳಿದಾ. ಹೇಳಿದಾ.

"ತಮ್ಮಾ," ಸಾವಕಾರ ಸಣ್ಣ ದನಿ ಮಾಡಿದಾ. "ಅದೊಂದು ಅಳಸಬ್ಯಾಡ."

ಸಾವಕಾರನ ಮನಿ ಬಾಗಲಕ್ಕ ಅವನ ಅವ್ವ ಸುಮಿತ್ರಾಬಾಯಿ, ರಾತ್ರಿ ಬರೂ ದೆವ್ವ ಓದಿ ಹೊಳ್ಳಿ ಹೋಗಲಿ ಅಂತ, ಸುಣ್ಣದಲೆ ನಾಳೆ ಬಾ ಅಂತ ಬರದಿದ್ಳಂತ. ದೀಪಾವಳಿಗೆ ಬಾಗಲಾ ಬಣ್ಣಾ ಹಚ್ಚಿದಾಗ ಅದು ಮುಚ್ಚಿ ಹೋತು. ಅವತ್ತಿಂದ ದಿನಾ ರಾತ್ರಿ ಹನ್ನೆರಡೂ ಇಪ್ಪತ್ತಕ್ಕ ಯಾರೋ ಬಾಗಲಾ ಬಡಿಯೂದು. ಹೊಳ್ಳಿ ಬರದ್ರೂ ನಿಂತಿದ್ದಿಲ್ಲ. ಈಗ ಹನ್ನೊಂದ ದಿನದಿಂದ ನಿಂತೈತಿ ಅಂದಾ.

ವಲ್ಲಭಗ ತಲಿ ಕೆಟ್ಟು ಹೋತು. ಕೆಲಸ ಮುಗಸಾಕ ಬಿಡಬಾರದು ಅಂತ ಈಗ ದೆವ್ವದ ನೆವಾನೂ ತಂದಾ ಅನ್ಕೊಂಡಾ. ದೇವರ ಹಿಪ್ಪರಗಿ ಸಂತಿಗೆ ಹೋಗಿ ತಾನ ನಿಂಬಿಸಸಿ ಫೋಟೋ ತಗೊಂಡಾ. ಯುಗಾದಿ ಹಿಂದಿನ ದಿನಾ ನಾಳೆ ಬಾ ಅಳಸಿ, ಎಲ್ಲಾ ಮುಗಿಸಿ ಅಪ್ಪನ್ನ ಕರಕೊಂಡು ಬಂದಾ. ಕಾಕಾ ಚಸಮಾ ಹಾಕ್ಕೊಂಡು ಮ್ಯಾಲಿಂದ ಕೆಳಗಿನತನಾ ಓದಿದ್ರು. "ಚಲೋ ಆಗೇತಿ" ಅಂದ್ರು. ಅಪ್ಪನ ಬಾಯಾಗ ಆ ಮಾತ ಅವಾ ಎಂದೂ ಕೇಳಿದ್ದಿಲ್ಲ. ಅಳು ಬಂದಿತ್ತು ಅಂತ ನನ್ನ ಮುಂದ ಹೇಳ್ಯಾನ.

ಅವತ್ತ ರಾತ್ರಿ ಅಲ್ಲೇ ಮಲಗಿದಾ. ಹನ್ನೆರಡೂ ಇಪ್ಪತ್ತು...

ಟಕ್... ಟಕ್... ಟಕ್.

"ವಲ್ಲಭಾ... ಒಂದ ಸಣ್ಣ ಬದಲಿ ಐತಿ..."

ಸಾವಕಾರನ ದನಿ. ಬೈಕೋತ ಎದ್ದು ಚಿಲಕಕ್ಕ ಕೈ ಹಾಕಿದಾ. ಆಮ್ಯಾಲ ನೆನಪಾತು... ಇಷ್ಟೊತ್ತಿನ್ಯಾಗ ಇಂಡಿಯಿಂದ ಬಸ್ ಎಲ್ಲೈತಿ? ಕೈ ತಗದು ಫೋನ್ ಹಚ್ಚಿದಾ. ಒಂದ ರಿಂಗಿಗೆ ಎತ್ತಿದ್ರು.

"ಸಾವಕಾರ್ರ, ಎಲ್ಲಿ ಅದೀರಿ?"

"ಮನ್ಯಾಗ ಅದೇನಿ... ಅಳಸಿದೇನು ತಮ್ಮಾ?"

"ಅಳಸೇನ್ರಿ."

"ಬಾಗಲಾ ತೆರೀಬ್ಯಾಡ. ಮತ್ತ ಬರಿ."

ಅವಾಗ ಇಂಟರ್ನೆಟ್ ಬರಬೇಕಂದ್ರ ಫೋನ್ ಇಡಬೇಕು. ಇಟ್ಟಾ. ಟೂಂಯ್... ಟೂಂಯ್... ಕಿರ್ರ್‌ರ್... ಶ್‌ಶ್‌ಶ್... ತಂತಿ ಕೂಡಾಕ ಒಂದ ನಿಮಿಷ. ಹೊರಗ ಟಕ್... ಟಕ್... ನಾಳೆ ಬಾ ಚಿತ್ರ ಏರಾಕ ಮತ್ತ ಮೂರು ನಿಮಿಷ. ಚಿಲಕ ತಾನ ಅಳಗ್ಯಾಡಾಕತ್ತಿತ್ತು, ಕಿಣ್... ಕಿಣ್... ಚಿತ್ರ ಪೂರಾ ಏರಿತು. ಕೆಳಗಿನ ಎಣಿಕಿ ಒಂದು ಹೆಚ್ಚಾತು. ಬಡಿಯೂದು ನಿಂತಿತು. ಪಾಂವಟಿಗಿ ಇಳದು ಹೋದ ಸಪ್ಪಳಾ... ಆಮ್ಯಾಲ ದೂರ ಬಾವಿ ಕಡೆ, ಕೀಂವ್... ಕೀಂವ್...

ಯುಗಾದಿ ದಿನಾ ಮುಂಜಾನೆ ಕಾಕಾ ಬೇವು ಬೆಲ್ಲದ ಜೋಡಿ ಇಬ್ಬರು ಮಾಸ್ತರನ್ನ ಕರಕೊಂಡು ಬಂದ್ರು. ಮಗನ ಕೆಲಸ ತೋರಸಾಕ. ಪರದೆ ಮ್ಯಾಲ ನಾಳೆ ಬಾ. ಅದು ಯಾಕಂತ ಆ ಮೂರ ಮಂದಿ ಮುಂದ ವಲ್ಲಭಗ ಬಾಯಿ ಬಿಡಾಕ ಆಗಲಿಲ್ಲ. ಕಾಕಾ ಕೀಲಿಗೆ ಕೈ ಚಾಚಿದ್ರು.

ವಲ್ಲಭ ಈಗ ಮುದ್ದೇಬಿಹಾಳದಾಗ ಕಾರಕೂನ ಅದಾನ. ಆ ಪುಟಾ ಮಾತ್ರ ನಾಕ ವರ್ಷದಿಂದ ಹಂಗ ಇಟ್ಟಾನ. ದಿನಾ ಒಂದು ಏರಿಕೋತ ಬಂದೈತಿ, ಒಂದಿನಾನೂ ತಪ್ಪಿಲ್ಲ. ನಂಬಂಗಿಲ್ಲಂದ್ರ ಲೈಟ್ ಬಂದ ಮ್ಯಾಲ ತೋರಸ್ತೇನಿ, ನಾನೂ ಕಣ್ಣಾರೆ ನೋಡೇನಿ.

ಗುರುಲಿಂಗಪ್ಪ ಸಾವಕಾರ ಹೋದ ತಿಂಗಳ ಎಂಟನೇ ತಾರೀಖಿಗೆ ತೀರಿಕೊಂಡಾ. ಒಂಬತ್ತರಿಂದ ದಿನಾ ಎರಡು ಏರಾಕತ್ತಾವ.