ಗುರುಬಸವನಕಿಂತ ಮೊದಲ ಮನಿ ಮುಟ್ಟಿದಾಂವ

ದೀಪ ಆರಸಬ್ಯಾಡ್ರಿ, ಇರ್ಲಿ. ನಂಬೂದು ಬಿಡೂದು ನಿಮಗ ಬಿಟ್ಟದ್ದು, ಆದ್ರ ನಡುವ ಯಾರೂ ನಗಬಾರ್ದು, ಹೇಳಿರ್ತೀನಿ. ಇಲ್ಲೇ ನಮ್ಮ ಪಕ್ಕದ ಮನಿ ಗುರುಬಸವ, ಈ ನಮ್ಮ ವೆರಿಬೀ ಊರಿಗೆ ಬರೂಕ್ಕಿಂತ ಮೊದ್ಲು ಸಿಡ್ನಿಯೊಳಗಿದ್ದನಲ್ಲ, ಆಗಿನ ಮಾತು. ಎರಡು ಸಾವಿರದ ಆರು. ಧಾರವಾಡದಾಂವ. ದೆವ್ವ ಗಿವ್ವ ಅಂದ್ರ ನಮ್ಮನ್ನ ಹುಚ್ಚರಂಗ ನೋಡತಿದ್ದ.

ಅವತ್ತು ರಾತ್ರಿ ಹನ್ನೊಂದೂವರಿ. ಚಾಟ್ಸ್‌ವುಡ್ ಆಫೀಸಿನಿಂದ ಸ್ಟೇಷನ್ ಕಡೆ ನಡಕೋತ ಹೊಂಟಿದ್ದ. ಮನ್ಯಾಗ ಹೆಂಡ್ತಿ ಮಹಾಶ್ವೇತಾ ಒಬ್ಬಾಕಿನೇ, ನಾಲ್ಕು ತಿಂಗಳ ಕೂಸು ಬ್ಯಾರೆ. ಪಾರ್ಕಿನ ಮೂಲ್ಯಾಗ ಒಂದು ದೊಡ್ಡ ಮರ, ನಮ್ಮ ಆಲದ ಜಾತೀದ... ಅದರ ಕೆಳಗ ಬರೂದ್ರಾಗ ಹಿಂದ ಸಪ್ಪಳ. ಚರ್... ಚರ್... ಒಣಗಿದ ಎಲಿ ತುಳದಂಗ. ನಿಂತ. ಅದೂ ನಿಂತಿತು. ಹೊಳ್ಳಿ ನೋಡಿದ, ಯಾರೂ ಇಲ್ಲ.

ಅಷ್ಟ್ರಾಗ ಫೋನ್ ಬಂತು. ನೈಟ್ ಶಿಫ್ಟಿನ ವಸಂತಾ, ಬೆಂಗಳೂರಿನಾಕಿ.

"ಗುರು, ಒಂದು ಡಿಸ್ಕ್ ಹೋಯ್ತು. ವಾಪಸ್ ಬನ್ನಿ, ಪ್ಲೀಸ್."

ಹೋಗದಿದ್ರ ನಡೀತಿದ್ದಿಲ್ಲ. ಕಂಪನಿ ಮಾಹಿತಿ ಎಲ್ಲಾ ಇಟ್ಟ ಹನ್ನೆರಡು ಡಿಸ್ಕಿನ ಪೆಟ್ಟಿಗಿ ಅದು. ಒಂದು ಸತ್ರ ಹೊಸಾದು ಹಾಕಬೇಕು. ಸತ್ತದ್ರಾಗ ಏನಿತ್ತೂಂತ ಉಳದ ಹನ್ನೊಂದರ ಮ್ಯಾಲ ಲೆಕ್ಕಾ ಹಾಕಿ ಹೊಸಾದ್ರಾಗ ತುಂಬಸ್ತದ. ತುಂಬೂದ್ರಾಗ ಇನ್ನೊಂದು ಹೋತಂದ್ರ ಎಲ್ಲಾ ನೀರಪಾಲು. ಆ ಲೆಕ್ಕಾ ಎಲ್ಲಾ ಮಾಡೂದು ಕಂಟ್ರೋಲರ್ ಅನ್ನೂ ಒಂದೇ ಬೋರ್ಡ್, ಕೆಲಸದ ಭಾರಕ್ಕ ಹೈರಾಣಾಗಿ ಹೋಗ್ತಿತ್ತು. ಗುರುಬಸವ ಆರು ತಿಂಗಳು ಕುಂತು ಒಂದು ಉಪಾಯ ಮಾಡಿದ್ದ. ಲೆಕ್ಕಾನ ಡಿಸ್ಕುಗಳೇ ತಮ್ಮತಮ್ಮೊಳಗ ಮಾಡ್ಕೋಬೇಕು, ಕಂಟ್ರೋಲರ್ ಬರೇ ಹುಕುಂ ಕೊಡಬೇಕು. ಅವತ್ತೇ ಅದರ ಮೊದಲ ಪರೀಕ್ಷಾ. ಕೆಟ್ಟರ ನೌಕರಿ ಹೋಗ್ತಿತ್ತು, ನೌಕರಿ ಕೂಡ ವೀಸಾನೂ.

ವಸಂತಾ ತನ್ನ ಕಾರ್ಡ್ ತೋರಿಸಿ ಸರ್ವರ್ ಕ್ವಾಣಿ ಬಾಗಲಾ ತಗದು, ಇಂವಗ ಹಿಡದು ನಿಂತಳು. ಹಿಂದಿನವರಿಗೆ ಬಾಗಲಾ ಹಿಡದು ನಿಲ್ಲೂದು ನಮ್ಮ ಮಂದಿ ಚಾಳಿ, ಮರ್ಯಾದಿ ಅಲ್ಲೇನ್ರಿ. ತನ್ನ ಕಾರ್ಡ್ ತೋರಸದೇ ಒಳಗ ಹೋದ. ಆಕಿ ಕೆಳಗಿಳದು ಹೋದಳು, ಬಾಗಲಾ ಮುಚ್ಚಿತು. ಠಕ್.

ಸತ್ತ ಡಿಸ್ಕ್ ಕಿತ್ತು ಮೇಜಿನ ಮ್ಯಾಲಿಟ್ಟ. ಹೊಸಾದು ಹಾಕಿದ. ತುಂಬಾಕ ಹತ್ತಿತು. ಕಂಟ್ರೋಲರ್ ಮ್ಯಾಲ ಭಾರ ಎರಡೇ ಪರ್ಸೆಂಟ್. ಭಾಳ ಖುಷಿ ಆತು ಅವಗ. ಮನಿಗೆ ಹೋಗೋಣಂತ ಬಾಗಲಕ್ಕ ಕಾರ್ಡ್ ಹಿಡದ.

ಪೀಂ... ಪೀಂ. ಕೆಂಪು ದೀಪ. ಒಳಗ ಬಂದ ಲೆಕ್ಕಾನೇ ಇಲ್ಲದ ಕಾರ್ಡು ಹೊರಗ ಹ್ಯಾಂಗ ಹೋದೀತು? ಅಪಾಯದಾಗ ಬಾಗಲಾ ತಗಿಯೂ ಹಸಿರು ಡಬ್ಬೀ ಗಾಜು ಒಡದ. ತಗೀಲಿಲ್ಲ. ಒಳಗ ಮೊಬೈಲಿಗೆ ಸಿಗ್ನಲ್ ಇದ್ದಿಲ್ಲ, ಗ್ವಾಡಿ ಫೋನಿನಿಂದ ಕೆಳಗ ವಸಂತಾಗ ಮಾಡಿದ.

"ಯಾರು?"

"ನಾನು, ಗುರು. ಒಳಗ ಸಿಕ್ಕೊಂಡೀನಿ."

ಆಕಿ ದನಿ ಪಿಸುಪಿಸು ಆತು.

"ಗುರು ಆಗ್ಲೇ ಹೋದ್ರು. ನನ್ ಮುಂದೇನೇ ಹೋದ್ರು. ಯಾರ್ ನೀವು?"

ಕಟ್ ಆತು. ಮತ್ತ ಮಾಡಿದ್ರ ಬರೇ ರಿಂಗು. ಮನಿಗೆ ಮಾಡಿದ. ಮನಿ ಇದ್ದದ್ದು ವೆಸ್ಟ್‌ಮೀಡಿನಾಗ, ಟ್ಯಾಕ್ಸ್ಯಾಗ ಹೋದ್ರೂ ಅರ್ಧಾ ತಾಸಿನ ಹಾದಿ.

"ಶ್ವೇತಾ... ನಾನು."

"ಯಾರ್ರೀ? ನಮ್ಮವರು ಮನ್ಯಾಗ ಬಂದಾರ. ಕೂಸಿನ್ನ ತೊಡಿ ಮ್ಯಾಲ ಹಾಕ್ಕೊಂಡು ಕುಂತಾರ." ಆಮ್ಯಾಲ ದನಿ ಸಣ್ಣದಾತು. "ದೀಪ ಹಚ್ಚಗೊಡವಲ್ರು. ಬಂದಾಗ ಮಾತೇ ಇದ್ದಿಲ್ಲ... ಈಗ ಒಂದೊಂದೇ ಮಾತು ಬರಾಕ ಹತ್ಯಾವ."

ಅದರ ಹಿಂದ ಒಬ್ಬಾಂವ ಜೋ... ಜೋ... ಅಂತಿದ್ದ. ಅದು ಗುರುಬಸವನದೇ ದನಿ.

ಸ್ಕ್ರೀನ್ ನೋಡಿದ. ತಾಸಗಟ್ಟಲೆ ಹಿಡಿಯೂದು, ಆಗಲೇ ಎಂಬತ್ತೊಂಬತ್ತು ಪರ್ಸೆಂಟ್ ತುಂಬಿತ್ತು. ಮೇಜಿನ ಮ್ಯಾಲ ಕಿತ್ತಿಟ್ಟ ಡಿಸ್ಕು, ವೈರಿಲ್ಲ ಕರೆಂಟಿಲ್ಲ, ಗುಂಯ್ ಅಂತ ತಿರಗಾಕ ಹತ್ತಿತ್ತು. ಮುಟ್ಟಿದ. ಬೆಚ್ಚಗಿತ್ತು. ತೊಂಬತ್ತು... ತೊಂಬತ್ತೆರಡು... ಅದು ನೂರಾದ್ರ ಮನ್ಯಾಗ ಕುಂತಾಂವನೇ ಪೂರಾ ಗುರುಬಸವ ಆಗ್ತಾನ, ತಾನು ಇನ್ನ ಯಾತಕ್ಕೂ ಬೇಕಾಗೂದಿಲ್ಲಂತ ಅನಸ್ತಂತ. ಅಂವ ಹೇಳೂ ಮಾತು, ನಂದಲ್ಲ. ಬಾಗಲಾ ಗುದ್ದಿದ, ಒದ್ದ, ಅತ್ತ.

ತೊಂಬತ್ತೇಳಕ್ಕ ಪೆಟ್ಟಿಗಿಗೆ ಕೈ ಹಾಕಿ, ನೆಟ್ಟಗಿದ್ದ ಡಿಸ್ಕೊಂದನ್ನ ಎಳದೇ ಬಿಟ್ಟ. ಎಲ್ಲಾ ದೀಪ ಹಳದಿ ಆದ್ವು. ಆರು ತಿಂಗಳ ಕೆಲಸ, ಕಂಪನಿ ಮಾಹಿತಿ, ತನ್ನ ನೌಕರಿ, ಎಲ್ಲಾ ಹೋತು. ಮೇಜಿನ ಮ್ಯಾಲಿಂದು ಗಪ್ಪಾತು. ಬಾಗಲಾ ತಾನೇ ತಗೀತು.

ಟ್ಯಾಕ್ಸಿ ಹಿಡಕೊಂಡು ಮನಿಗೆ ಹೋದ. ಮಹಾಶ್ವೇತಾ ಕೂಸಿನ್ನ ಅವಚಿಕೊಂಡು ಅಡಗಿಮನಿ ನೆಲದ ಮ್ಯಾಲ ಕುಂತಿದ್ದಳು. "ಅವನ ಮಾರಿ ಇನ್ನೇನು ಕಾಣೂದಿತ್ತು," ಅಂದಳು, "ಕುಂತಲ್ಲೇ ಇಲ್ಲದಂಗ ಆದ."

ಕೂಸು ಆರಾಮ ಮಲಗಿತ್ತು. ಹಣಿ ಮ್ಯಾಲ ವಿಭೂತಿ ಹಚ್ಚಿತ್ತು. ಆ ಮನ್ಯಾಗ ವಿಭೂತಿ ತೀರಿ ಎರಡು ತಿಂಗಳಾಗಿತ್ತು. ನಾವು ಮೂರು ಬೆರಳಿಂದ ಹಚ್ತೀವಿ, ಮೂರೇ ಗೆರಿ ಮೂಡ್ತಾವ, ಹೌದಿಲ್ಲೋ? ಗಂಡ ಹೆಂಡ್ತಿ ಇಬ್ಬರನ್ನೂ ಬ್ಯಾರೆ ಬ್ಯಾರೆ ಕುಂದ್ರಿಸಿ ಕೇಳೀನಿ ನಾನು. ಖರೇನೇ ಆಗೇದ. ಇಬ್ಬರೂ ಒಂದೇ ಮಾತು ಹೇಳಿದ್ರು.

ಕೂಸಿನ ಹಣಿ ಮ್ಯಾಲ ನಾಲ್ಕು ಗೆರಿ ಇದ್ವು.